ವಾರದ ಪಾಠ, ದಿನದ ಗೋಳು

ವಿಜಯನಗರದ ತಾಯಿಯೊಬ್ಬರು ಬರೆದಿದ್ದಾರೆ. ಮಗಳಿಗೆ 16 ವರ್ಷ, ಮೊದಲ ಪಿಯುಸಿ. ಕೈ ಕೊಯ್ದುಕೊಳ್ಳುವ ಅಭ್ಯಾಸಕ್ಕೆ ವಾರಕ್ಕೊಮ್ಮೆ ಥೆರಪಿ ನಡೆಯುತ್ತಿತ್ತು, ಸಾಲಲಿಲ್ಲ. ಈಗ ಡಾಕ್ಟರು ಹೇಳಿದರೆಂದು ಡೇ ಪ್ರೋಗ್ರಾಮಿಗೆ ಸೇರಿಸಿದ್ದಾರೆ. ವಾರಕ್ಕೆ ಐದು ದಿನ ಹಗಲೆಲ್ಲ ಅಲ್ಲೇ ಚಿಕಿತ್ಸೆ, ಸಂಜೆ ಮನೆಗೆ. "ಅದೇ ಪಾಠ, ಅದೇ ಹಾಳೆಗಳು. ಆಗ ವಾರಕ್ಕೊಂದು, ಈಗ ದಿನಕ್ಕೊಂದು. ತಲೆಗೆ ಹೋಗ್ತಿಲ್ಲ ಅಂತಾಳೆ. ಅಲ್ಲಿಯವರನ್ನು ಕೇಳಿದರೆ ತಪ್ಪಾಗುತ್ತಾ?" ಎಂದು ಅವರ ಪ್ರಶ್ನೆ.

ಕೇಳದೇ ಇದ್ದದ್ದೇ ತಪ್ಪು. ಮಗಳು ನಿಮಗೆ ಹೇಳಿದಳು, ನೀವು ನನಗೆ ಹೇಳಿದಿರಿ, ಹೇಳಬೇಕಾದವರನ್ನು ಬಿಟ್ಟು! ಆದರೂ ಬರೆದದ್ದು ಒಳ್ಳೆಯದೇ ಆಯಿತು, ಈ ವಿಷಯ ಬಹಳ ದಿನದಿಂದ ನನ್ನ ಗಂಟಲಲ್ಲಿ ಕೂತಿದೆ.

ಚಿಕ್ಕಂದಿನಲ್ಲಿ ನಾನು ಮಲ್ಲೇಶ್ವರದಲ್ಲಿ ವೀಣೆ ಕಲಿತೆ. ಪಾಠ ಭಾನುವಾರ, ಆದರೆ ಕಲಿತದ್ದೆಲ್ಲ ಸೋಮವಾರದಿಂದ ಶನಿವಾರದ ತನಕ, ಮನೆಯ ಚಾಪೆ ಮೇಲೆ. ಒಂದು ಮೇ ತಿಂಗಳು ಶಿಬಿರಕ್ಕೆ ಹಾಕಿದರು. ಅಲ್ಲಿಯ ಮೇಷ್ಟ್ರು ವಾರದ ಪಾಠವನ್ನೇ ದಿನಾ ಕೊಟ್ಟರು. ನಾಲ್ಕನೇ ದಿನಕ್ಕೆ ಬೆರಳಲ್ಲಿ ಬೊಬ್ಬೆ, ತಲೆಯಲ್ಲಿ ಸೊನ್ನೆ.

ಥೆರಪಿಯೂ ಹಾಗೇ. ವಾರಕ್ಕೊಮ್ಮೆ ಹೋಗುವವರಿಗೆ ನಡುವಿನ ಆರು ದಿನವೇ ಅಭ್ಯಾಸದ ಜಾಗ. ಗೆಳತಿ ಮಾತು ಬಿಟ್ಟಳು, ಅಪ್ಪ ರೇಗಿದರು, ಆಗ ಕಲಿತದ್ದನ್ನು ಪ್ರಯೋಗಿಸುವುದು. ಡೇ ಪ್ರೋಗ್ರಾಮಿನಲ್ಲಿ ನಡುವೆ ಇರುವುದು ಒಂದೇ ರಾತ್ರಿ, ಅದರಲ್ಲೂ ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ಮಗುವಿಗೆ ಎರಡು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಹಾಗಾಗಿ ಹೋಂವರ್ಕು ಒಂದು ಸಂಜೆಯ ಅಳತೆಯದಿರಬೇಕು. ಒಂದು ಕೌಶಲವನ್ನೇ ಮೂರು ದಿನ ತಿರುಗಿಸಿ ಮುರುಗಿಸಿ ಮಾಡಿಸಬೇಕು. ಪ್ರತಿ ಸೋಮವಾರ ಹೊಸ ಮಗು ಬರುತ್ತದೆ, ಹಳೆಯದು ಹೋಗುತ್ತದೆ. ಮೊದಲ ಪಾಠ ಗೊತ್ತಿಲ್ಲದವರಿಗೂ ಐದನೆಯದು ಅರ್ಥವಾಗಬೇಕಲ್ವಾ? ಕೈ ಕೊಯ್ದುಕೊಂಡ ಕಥೆಗಳನ್ನು ಗುಂಪಿನಲ್ಲಿ ವಿವರವಾಗಿ ಹೇಳಿಸಬಾರದು, ಮಕ್ಕಳು ಅದನ್ನೂ ಒಬ್ಬರಿಂದೊಬ್ಬರು ಕಲಿಯುತ್ತಾರೆ.

ಪರೀಕ್ಷಿಸಿ ಗೆದ್ದ ವಿಧಾನವನ್ನು ಮನಸ್ಸಿಗೆ ಬಂದಂತೆ ಕತ್ತರಿಸಬಾರದು ಎನ್ನುವವರಿದ್ದಾರೆ. ಸರಿ, ಒಪ್ಪಿದೆ. ಆದರೆ ಕತ್ತರಿಸಿದವರು ಯಾರು ನೋಡಿ. ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಅಂದರೆ ಉಕ್ಕಿ ಬರುವ ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ ಚಿಕಿತ್ಸೆಯನ್ನು ಕಟ್ಟಿದವರು ಅಮೆರಿಕದ ಮಾರ್ಷಾ ಲಿನೆಹನ್. ಮತ್ತೆ ಮತ್ತೆ ಸಾಯಲು ಹೊರಟ ದೊಡ್ಡವರಿಗಾಗಿ ಕಟ್ಟಿದ್ದು: ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನ ತರಗತಿ, ಹೀಗೆ ಸುಮಾರು ಒಂದು ವರ್ಷ. ಅದನ್ನು ಹದಿಹರೆಯದವರಿಗೆ ಒಗ್ಗಿಸಿದ ಅಲೆಕ್ ಮಿಲ್ಲರ್ ಮತ್ತು ಜಿಲ್ ರೇಥಸ್ ಅವಧಿ ಇಳಿಸಿದರು, ಅಪ್ಪ ಅಮ್ಮನನ್ನು ಅದೇ ತರಗತಿಯಲ್ಲಿ ಕೂರಿಸಿದರು, ಮನೆಯೊಳಗಿನ ಜಗ್ಗಾಟಕ್ಕೆಂದೇ ಹೊಸ ಪಾಠ ಸೇರಿಸಿದರು. ಚಿಕಿತ್ಸೆ ಕೆಡಲಿಲ್ಲ. ಅಂದಹಾಗೆ ಲಿನೆಹನ್ ತಾವೇ 17ನೇ ವಯಸ್ಸಿನಲ್ಲಿ ಮಾನಸಿಕ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಜಾಸ್ತಿ ಇದ್ದವರು. 2011ರ ತನಕ ಅದನ್ನು ಬಹಿರಂಗವಾಗಿ ಹೇಳಿರಲಿಲ್ಲ.

ಮನೆಯವರನ್ನು ಸೇರಿಸಿಕೊಳ್ಳುವುದನ್ನು ನಮಗೆ ಅಮೆರಿಕದವರು ಹೇಳಿಕೊಡಬೇಕಿಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿದ್ದರು. ನೀವು ಮಾತ್ರ ಆರು ಗಂಟೆ ಕಾರಿಡಾರಿನಲ್ಲಿ ಮೊಬೈಲು ನೋಡುತ್ತಾ ಕೂರುತ್ತೀರಂತೆ. ಒಳಗೆ ಕರೆಯಿರಿ ಅಂತ ಕೇಳಿ, ತಾಯಿ. ಹಳೆಯ ಥೆರಪಿಸ್ಟ್ ಜೊತೆ ಇವರು ಮಾತಾಡುತ್ತಿದ್ದಾರಾ ಅಂತಲೂ ಕೇಳಿ, ಡಿಸ್ಚಾರ್ಜ್ ಆದಮೇಲೆ ಹುಡುಗಿ ಮತ್ತೆ ಹೋಗುವುದು ಅಲ್ಲಿಗೇ. ರಾತ್ರಿ ಕಷ್ಟವಾದರೆ 14416ಕ್ಕೆ ಫೋನು ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಅನ್ನಿಸಿದರೆ ಫೋನು ಹಿಡಿದು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ವಿಮೆ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಪಾಲಿಸಿಗಳು ಸಾಮಾನ್ಯವಾಗಿ 24 ಗಂಟೆ ಹಾಸಿಗೆ ಹಿಡಿದಿರಬೇಕು ಅನ್ನುತ್ತವೆ. ಸಂಜೆ ಮನೆಗೆ ಬಂದು ಅನ್ನ ಸಾರು ಉಣ್ಣುವ ಹುಡುಗಿ ಅವರ ಲೆಕ್ಕದಲ್ಲಿ ರೋಗಿಯೇ ಅಲ್ಲ! ನನ್ನ ಪರಿಚಯದ ಒಂದು ಮನೆಯವರು ಇದೇ ಕಾರಣಕ್ಕೆ ಮಗನನ್ನು ಡೇ ಪ್ರೋಗ್ರಾಮಿನಿಂದ ಬಿಡಿಸಿ ವಾರ್ಡಿಗೆ ಸೇರಿಸಿದರು.

ಪಿಯು ಕಾಲೇಜಿನವರದು ಬೇರೆ ರಾಗ, ಶೇ. 75 ಹಾಜರಾತಿ. ಡೇ ಪ್ರೋಗ್ರಾಮಿನ ಸರ್ಟಿಫಿಕೇಟು ತೋರಿಸಿದರೆ ಏನಂದರು? ಮುಂದಿನ ಕಾಗದದಲ್ಲಿ ಬರೆಯಿರಿ.