ಗ್ಯಾಸ್ ಗೀಸರ್ ಹತ್ತಿರ ವಾಸನೆ: ಎಲ್ಲಿ, ಹೇಗೆ ನೋಡಬೇಕು

ಸರ್, ನೀವು ಬರೆದಿರೋದು ಇಷ್ಟು: ಯುಟಿಲಿಟಿಯಲ್ಲಿ 6 ಲೀಟರ್ ಗೀಸರ್, ಅಡುಗೆಮನೆ ಸಿಲಿಂಡರ್‌ನಿಂದಲೇ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಗೋಡೆ ತೂತಿನಲ್ಲಿ ತಂದ ರಬ್ಬರ್ ಪೈಪ್, ಬೆಳಿಗ್ಗೆ ವಾಸನೆ, ಪ್ಲಂಬರ್ ಟೇಪ್ ಸುತ್ತಿದರೂ ನಿಂತಿಲ್ಲ.

ವಾಸನೆ ಯಾವಾಗ ಬರುತ್ತೆ ಅಂತ ಮೊದಲು ಗಮನಿಸಿ. ನಲ್ಲಿ ತಿರುಗಿಸಿದ ತಕ್ಷಣ ಒಂದೆರಡು ಸೆಕೆಂಡ್ ಬಂದು, ‘ಧಪ್’ ಅಂತ ಹೊತ್ತಿಕೊಂಡು ಹೋಗಿಬಿಟ್ಟರೆ ಸೆಲ್ ಮೇಲೆ ಅನುಮಾನ ಪಡಿ. ಸೆಲ್ ಇಳಿದಾಗ ಕಿಡಿ ತಡವಾಗುತ್ತೆ, ಅಷ್ಟರಲ್ಲಿ ಉರಿಯದ ಗ್ಯಾಸ್ ಹೊರಬಂದಿರುತ್ತೆ. ಎರಡು ದಪ್ಪ ಸೆಲ್ಲನ್ನೂ ಒಟ್ಟಿಗೇ ಬದಲಿಸಿ. ಗೀಸರ್ ಆಫ್ ಇದ್ದಾಗಲೂ ವಾಸನೆ ಇದ್ದರೆ ಅದು ಲೀಕೇ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಕೂರುತ್ತೆ, ಹಾಗಾಗಿ ಬಗ್ಗಿ ನೆಲದ ಹತ್ತಿರ ಮೂಸಿ ನೋಡಿ. ಜೋರಾಗಿದ್ದರೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆಗೆಯಿರಿ, ಫ್ಯಾನ್, ಲೈಟು, ವಾಷಿಂಗ್ ಮಷೀನ್ ಯಾವ ಸ್ವಿಚ್ಚೂ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ವಾಸನೆ ಸಣ್ಣದಾಗಿದ್ದರೆ ಸೋಪ್ ನೀರಿನ ಟೆಸ್ಟ್. ಅರ್ಧ ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್, ಹಚ್ಚೋಕೆ ಹಳೇ ಬ್ರಷ್. ರೆಗ್ಯುಲೇಟರ್ ಆನ್, ಗೀಸರ್ ಹಿಂದಿನ ಗ್ಯಾಸ್ ವಾಲ್ವ್ ಆನ್, ಆದರೆ ನೀರಿನ ನಲ್ಲಿ ಬಂದ್ ಇರಲಿ, ಸ್ಟವ್ ಉರಿಯಬಾರದು. ಸಿಲಿಂಡರ್ ಕಡೆಯಿಂದ ಶುರು ಮಾಡಿ: ರೆಗ್ಯುಲೇಟರ್ ಕೂರೋ ಜಾಗ, ಅದರ ನಾಝಲ್, ಟೀಯ ಮೂರೂ ಬಾಯಿ, ವಾಲ್ವ್‌ನ ಹಿಡಿಕೆ ಬುಡ, ಗೀಸರ್ ಇನ್‌ಲೆಟ್. ಒಂದೊಂದರ ಹತ್ತಿರವೂ ಒಂದು ನಿಮಿಷ ಕಾಯಿರಿ. ದೊಡ್ಡ ಗುಳ್ಳೆಯೇ ಬರಬೇಕಿಲ್ಲ, ಸಣ್ಣ ನೊರೆ ನಿಧಾನವಾಗಿ ಬೆಳೆದರೂ ಲೀಕೇ. ಬೆಂಕಿಕಡ್ಡಿ ಗೀರಿ ನೋಡೋ ಮೆಕ್ಯಾನಿಕ್ ಬಂದರೆ ಅಲ್ಲಿಂದಲೇ ವಾಪಸ್ ಕಳಿಸಿ.

ರೆಗ್ಯುಲೇಟರ್ ಬುಡದಲ್ಲಿ ಗುಳ್ಳೆ ಬಂದರೆ ಸಾಮಾನ್ಯವಾಗಿ ಸಿಲಿಂಡರ್ ವಾಲ್ವ್ ಒಳಗಿನ ರಬ್ಬರ್ ರಿಂಗ್ ಹರಿದಿರುತ್ತೆ. ರೆಗ್ಯುಲೇಟರ್ ತೆಗೆದು ಸೇಫ್ಟಿ ಕ್ಯಾಪ್ ಹಾಕಿ ಏಜೆನ್ಸಿಗೆ ಹೇಳಿ. ಎಲ್ಲ ಜಾಯಿಂಟೂ ಸರಿಯಿದ್ದು ಬರ್ನರ್ ಹತ್ತಿರವೇ ವಾಸನೆ ಇದ್ದರೆ ಒಳಗಿನ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ಗ್ಯಾಸ್ ಬಿಟ್ಟು ಮುಚ್ಚೋ ವಾಲ್ವ್) ಪೂರ್ತಿ ಮುಚ್ಚುತ್ತಿಲ್ಲ. ಅದು ಸರ್ವೀಸ್ ಸೆಂಟರ್ ಕೆಲಸ.

ಇನ್ನು ಟೇಪ್. ಗೀಸರ್ ಇನ್‌ಲೆಟ್‌ನಲ್ಲಿ ನಟ್ ಒಳಗೆ ಚಪ್ಪಟೆ ವಾಷರ್ ಇದ್ದರೆ ಗ್ಯಾಸ್ ತಡೆಯೋದು ಆ ವಾಷರ್, ಥ್ರೆಡ್ ಅಲ್ಲ. ಅಲ್ಲಿ ಎಷ್ಟು ಟೇಪ್ ಸುತ್ತಿದರೂ ದಂಡ, ವಾಷರ್ ಬದಲಿಸಬೇಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಥ್ರೆಡ್‌ಗಾದರೆ ಟೇಪ್ ಬೇಕು, ಅದೂ ಗ್ಯಾಸಿಗೆ ಬರೋ ದಪ್ಪ ಹಳದಿ ಟೇಪ್, ಬಿಗಿಮಾಡೋ ದಿಕ್ಕಿನಲ್ಲೇ ಸುತ್ತಿ, ಮೊದಲ ಥ್ರೆಡ್ ಖಾಲಿ ಬಿಡಬೇಕು. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಜೆಟ್‌ನಲ್ಲಿ, ಅಂದರೆ ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತಿನಲ್ಲಿ, ಕೂರುತ್ತೆ.

ನನಗೆ ಹೆಚ್ಚು ಆತಂಕ ಇರೋದು ಗೋಡೆಯೊಳಗಿನ ಪೈಪ್ ಬಗ್ಗೆ. ಯುಟಿಲಿಟಿ ಅಂದಮೇಲೆ ಇಲಿ ಇದ್ದೇ ಇರುತ್ತೆ, ಕಾಣದ ಜಾಗದಲ್ಲಿ ಕಚ್ಚಿದರೆ ಗೊತ್ತೇ ಆಗಲ್ಲ, ಸೋಪ್ ನೀರೂ ಅಲ್ಲಿಗೆ ಮುಟ್ಟಲ್ಲ. ಆ ಟೀ ಮತ್ತು ಪೈಪ್ ಎರಡನ್ನೂ ತೆಗೆಸಿಬಿಡಿ. ಜೊತೆಗೆ ಈ ಗೀಸರ್ ಸ್ಟವ್‌ನ ದೊಡ್ಡ ಬರ್ನರ್‌ನ ನಾಲ್ಕೈದರಷ್ಟು ಗ್ಯಾಸ್ ಎಳೆಯುತ್ತೆ, ಗೀಸರ್ ಹಾಕಿದಾಗ ಅತ್ತ ಸ್ಟವ್ ಉರಿ ಕುಗ್ಗಿದರೆ ಅದಕ್ಕೇ. ಗೀಸರ್‌ಗೆ ಬೇರೆ ಸಿಲಿಂಡರ್ ಇಟ್ಟು, ಐಎಸ್‌ಐ ಗುರುತಿನ ಕಿತ್ತಳೆ ಸುರಕ್ಷಾ ಹೋಸ್ ಹಾಕಿ. ಉದ್ದ 1.5 ಮೀಟರ್ ಮೀರಬಾರದು, 5 ವರ್ಷಕ್ಕೆ ಬದಲಿಸಬೇಕು, ತಾರೀಖು ಹೋಸ್ ಮೇಲೇ ಇರುತ್ತೆ. ಎಣ್ಣೆ ಸವರಿ ತುರುಕಬೇಡಿ, ರಬ್ಬರ್ ಮೆತ್ತಗಾಗುತ್ತೆ. ಕ್ಲಿಪ್ಪನ್ನು ರಬ್ಬರ್ ಸೀಳೋಷ್ಟು ಬಿಗಿ ಮಾಡಬೇಡಿ. ದೂರ ಜಾಸ್ತಿಯಿದ್ದರೆ ತಾಮ್ರ ಅಥವಾ ಜಿಐ ಲೈನ್, ಗೀಸರ್ ಹತ್ತಿರ ಕೈಗೆ ಸಿಗೋ ಹಾಗೆ ಒಂದು ವಾಲ್ವ್. ಲೈನ್ ಎಳೆದವರು ಪ್ರೆಷರ್ ಟೆಸ್ಟ್ ಮಾಡಿ ತೋರಿಸಲಿ: ಎರಡೂ ತುದಿ ಬಂದ್ ಮಾಡಿ 10 ನಿಮಿಷ ಬಿಟ್ಟರೂ ಪ್ರೆಷರ್ ಗೇಜಿನ ಮುಳ್ಳು ಇಳಿಯಬಾರದು.

ಮುಂದೆ ಗೇಲ್ ಗ್ಯಾಸ್ ಕಂಪನಿಯ ಪೈಪ್ ಕನೆಕ್ಷನ್ (ಪಿಎನ್‌ಜಿ, ಪೈಪಿನಲ್ಲಿ ಬರೋ ನೈಸರ್ಗಿಕ ಗ್ಯಾಸ್) ತಗೊಂಡರೆ ಇದೇ ಗೀಸರ್ ನೇರ ಜೋಡಿಸಬೇಡಿ. ಎಲ್‌ಪಿಜಿ ಜೆಟ್ ತೂತು ಸಣ್ಣದು, ಪಿಎನ್‌ಜಿಗೆ ಉರಿ ಸಾಲಲ್ಲ, ಕಂಪನಿಯವರಿಂದ ಜೆಟ್ ಬದಲಿಸಬೇಕು.

ಮಳೆ ಹೊಡೆಯುತ್ತೆ ಅಂತ ಯುಟಿಲಿಟಿಗೆ ಗ್ಲಾಸ್ ಹಾಕಿಸಿ ಮುಚ್ಚಿದ್ದೀರಾ? ಅದನ್ನ ಬರೆದಿಲ್ಲ. ಮುಚ್ಚಿದ್ದರೆ ಮೇಲೂ ಕೆಳಗೂ ಗಾಳಿಕಿಂಡಿ ಬಿಡಿಸಿ, ಗೀಸರ್ ಹೊಗೆ ಕೊಳವೆಯಲ್ಲಿ ಹೊರಗೆ ಹೋಗಲಿ. ಜಾಯಿಂಟ್ ಒಂದೂ ಲೀಕ್ ಇಲ್ಲದಿದ್ದರೂ ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆಯೇ ಇಲ್ಲ. ಉರಿ ನೀಲಿಯಿಂದ ಹಳದಿಗೆ ತಿರುಗಿದ್ದರೆ ಅವತ್ತಿಂದಲೇ ಬಳಸೋದು ನಿಲ್ಲಿಸಿ, ಸರ್ವೀಸ್‌ನವರನ್ನ ಕರೆಸಿ.