ಡ್ರೋನ್ 30 ಮೀಟರ್ ದಾಟಿ ಮೇಲೇರುತ್ತಿಲ್ಲ, ಏನು ಮಾಡಲಿ?

ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಡಿಜೆಐ ಡ್ರೋನ್ 30 ಮೀಟರಿಗೇ ನಿಲ್ಲುತ್ತಿದೆ, ಲಾಗಿನ್ ಆದರೆ ಮಾಹಿತಿ ಸೋರುತ್ತದೆಯೇ ಎಂದು ಕೇಳಿದ್ದೀರಿ.

ಮೋಟರಿನ ದೋಷವಲ್ಲ. ಡಿಜೆಐ ಫ್ಲೈ ಆ್ಯಪಿನಲ್ಲಿ ಲಾಗಿನ್ ಆಗದಿದ್ದರೆ ಎತ್ತರ 30, ದೂರ 50 ಮೀಟರಿಗೆ ಕಟ್ಟಿಹಾಕುತ್ತದೆ. ತೋಟದಲ್ಲಿ ನೆಟ್ ಸಿಗದಿದ್ದರೆ ಮನೆಯಲ್ಲೇ ಲಾಗಿನ್ ಆಗಿ ಹೊರಡಿ. ಆಮೇಲೂ ಏರದಿದ್ದರೆ ಪರದೆಯಲ್ಲಿ ಉಪಗ್ರಹಗಳ ಸಂಖ್ಯೆ ನೋಡಿ. ಮರದಡಿಯಿಂದ ಹಾರಿಸಿದರೆ ಜಿಪಿಎಸ್ ಸಿಗದೆ ಡ್ರೋನ್ ತಾನಾಗಿಯೇ ಎತ್ತರಕ್ಕೆ ಕಡಿವಾಣ ಹಾಕಿಕೊಳ್ಳುತ್ತದೆ. ಬಯಲಿಗೆ ತಂದಿಟ್ಟು, ಹೋಮ್ ಪಾಯಿಂಟ್ (ಡ್ರೋನ್ ಮರಳಿ ಬಂದಿಳಿಯುವ ಜಾಗ) ದಾಖಲಾಯಿತು ಎಂಬ ಸೂಚನೆ ಬರುವವರೆಗೆ ಕಾಯಿರಿ. ಅವಸರದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಉಳಿದದ್ದು ಆ್ಯಪಿನ ಸೇಫ್ಟಿ ಮೆನುವಿನ ಮ್ಯಾಕ್ಸ್ ಆಲ್ಟಿಟ್ಯೂಡ್, ಅಂದರೆ ಗರಿಷ್ಠ ಎತ್ತರ. ಅದನ್ನು 120 ಮೀಟರಿಗೆ ಇಡಿ. 2021ರ ಡ್ರೋನ್ ನಿಯಮದಂತೆ ಹಸಿರು ವಲಯದ (ಮುಂಗಡ ಅನುಮತಿ ಇಲ್ಲದೆ ಹಾರಿಸಬಹುದಾದ ಪ್ರದೇಶ) ಮಿತಿಯೂ ಅಷ್ಟೇ. ಈ ಅಂಕಿ ಟೇಕಾಫ್ ಆದ ಜಾಗದಿಂದ ಲೆಕ್ಕ, ಕೆಳಗಿನ ನೆಲದಿಂದಲ್ಲ. ಮಿತಿ ತೆಗೆಯುವ ಹ್ಯಾಕ್ ಫೈಲುಗಳ ತಂಟೆ ಬೇಡ.

ಮಾಹಿತಿಯ ಭಯಕ್ಕೆ: ಪ್ರತ್ಯೇಕ ಇಮೇಲಿನಿಂದ ಖಾತೆ ತೆರೆಯಿರಿ, ಹಾರಾಟದ ದಾಖಲೆಯನ್ನು ಕಂಪನಿಯ ಸರ್ವರಿಗೆ ಕಳಿಸುವ ಸಿಂಕ್ ಆಫ್ ಮಾಡಿ. ನಿಜವಾಗಿ ಗುಟ್ಟು ಬಿಡುವುದು ಫೋಟೊಗಳು. ಪ್ರತಿ ಚಿತ್ರದೊಳಗೂ ತೋಟದ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ಜಾಗದ ಗುರುತೂ ಜೊತೆಗೇ ಹೋಗುತ್ತದೆ.