ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಕೆಲಸ: ಅಂಬ್ರೆಲಾ ಕಂಪನಿಯೋ, ಸ್ವಂತ ಲಿಮಿಟೆಡ್ ಕಂಪನಿಯೋ?

ಕಾಂಟ್ರಾಕ್ಟ್ ಐಆರ್35 ಎಂಬ ತೆರಿಗೆ ನಿಯಮದ ಒಳಗೆ ಬಂದರೆ ಅಂಬ್ರೆಲಾ, ಅಂದರೆ ನಿಮ್ಮನ್ನು ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ಮಧ್ಯವರ್ತಿ ಕಂಪನಿ, ಸಾಕು. ಹೊರಗಿದ್ದು, ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡುವ ಯೋಚನೆಯಿದ್ದರೆ ನಿಮ್ಮದೇ ಲಿಮಿಟೆಡ್ ಕಂಪನಿ ತೆರೆಯಿರಿ.

ಐಆರ್35 ಜಾರಿಯಲ್ಲಿರುವುದು 2000ದಿಂದ. ಹೆಸರಿಗೆ ಕಂಪನಿ ಇಟ್ಟುಕೊಂಡು ನೌಕರರಂತೆಯೇ ದುಡಿಯುವವರಿಗೆ ಅದು ನೌಕರರ ತೆರಿಗೆಯನ್ನೇ ಹಾಕುತ್ತದೆ. ಹೊರಗಿದ್ದರೆ ಲಾಭಕ್ಕೆ ಕಾರ್ಪೊರೇಷನ್ ತೆರಿಗೆ ಕಟ್ಟಿ, ಉಳಿದದ್ದನ್ನು ಡಿವಿಡೆಂಡ್ ಆಗಿ ತೆಗೆದುಕೊಳ್ಳಬಹುದು. ಡಿವಿಡೆಂಡಿಗೆ ತೆರಿಗೆಯಿದೆ, ಆದರೆ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಕಟ್ಟುವ ಸಾಮಾಜಿಕ ಭದ್ರತೆಯ ವಂತಿಗೆ) ಇಲ್ಲ; ಉಳಿತಾಯ ಬರುವುದು ಮುಖ್ಯವಾಗಿ ಅಲ್ಲಿಂದ. ಒಳಗೆ ಬಿದ್ದರೆ ಆ ಉಳಿತಾಯ ಹೋಗಿ ಲೆಕ್ಕಪತ್ರದ ಕಾಟ, ಅಕೌಂಟೆಂಟ್ ಫೀಸು ಮಾತ್ರ ಉಳಿಯುತ್ತವೆ. ಕ್ಲೈಂಟ್ ಸಣ್ಣ ಕಂಪನಿಯಲ್ಲದಿದ್ದರೆ, 2021ರ ಏಪ್ರಿಲ್‌ನಿಂದ ಖಾಸಗಿ ವಲಯದಲ್ಲೂ ಒಳಗೋ ಹೊರಗೋ ಎಂದು ತೀರ್ಮಾನಿಸುವುದು ಅವರೇ. ಸಹಿ ಹಾಕುವ ಮೊದಲೇ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಅಂಬ್ರೆಲಾದಲ್ಲಿ ನೀವು ಅವರ ನೌಕರ. ಆದರೆ ಕೆಲಸ ಕೊಡಿಸುವ ಏಜೆನ್ಸಿ ದಿನಕ್ಕೆ 400 ಪೌಂಡ್ ಎಂದರೆ ಅದು ನಿಮ್ಮ ಸಂಬಳವಲ್ಲ. ಮಾಲೀಕರ ಪಾಲಿನ ಶೇ 15 ನ್ಯಾಷನಲ್ ಇನ್ಶೂರೆನ್ಸ್, ಅಂಬ್ರೆಲಾದವರ ಮಾರ್ಜಿನ್ (ಅವರ ಶುಲ್ಕ) ಅದರಲ್ಲೇ ಕಳೆದು, ಉಳಿದದ್ದಕ್ಕೆ ನಿಮ್ಮ ತೆರಿಗೆ. ಶೇ 85 ಕೈಗೆ ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ದಯವಿಟ್ಟು ಒಪ್ಪಬೇಡಿ. ಇಂಥವು ಸಾಮಾನ್ಯವಾಗಿ ತೆರಿಗೆ ತಪ್ಪಿಸುವ ಯೋಜನೆಗಳು, ಬಾಕಿ ಆಮೇಲೆ ನಿಮ್ಮ ತಲೆಗೇ ಬರಬಹುದು.